ನಮ್ಮ ಹಾಡಿ ಇತ್ತ್

ಮೊನ್ನೆ ಆಫೀಸಿನಿಂದ ಬಂದು ರೂಮಿನ ಬಾಗಿಲು ತೆಗೆದರೆ ಇರುವೆಗಳ ಸಾಲು. ಕಿಟಕಿಯ ಮೂಲೆಯಿಂದ ಹೊರಟು, ಲ್ಯಾಪ್‌ಟಾಪ್ ಚಾರ್ಜರಿನ ವೈರ್ ಮೇಲೆ ನಡೆದು, ಪುಸ್ತಕದ ಶೆಲ್ಫಿನ ಮೇಲಿದ್ದ ಸ್ಟೀಲ್ ಡಬ್ಬಿಯವರೆಗೆ ಶಿಸ್ತಾಗಿ ಹೋಗಿದ್ದವು. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಒಳಗಿದ್ದದ್ದು ಊರಿನಿಂದ ತಂದ ಬೆಲ್ಲ. ತೆಂಗಿನ ಗೆರಟೆಯಲ್ಲಿ ಹೊಯ್ದು ಗಟ್ಟಿ ಮಾಡಿದ ಐದು ಅಚ್ಚು. ಕಾಫಿಪುಡಿಯ ಬಣ್ಣ.

ಡಬ್ಬಿ ಹಿಡಿದುಕೊಂಡು ಹೊರಗೆ ಬಂದು ಕೊಡವುತ್ತಾ ನಿಂತಿದ್ದೆ. ಮರ್ಫಿ ಟೌನಿನ ಗಲ್ಲಿಗಳು ನಿಮಗೆ ಗೊತ್ತಿದ್ದರೆ, ಇಲ್ಲಿ ಗುಟ್ಟಾಗಿ ಏನನ್ನೂ ಕೊಡವುದಕ್ಕೆ ಸಾಧ್ಯ ಇಲ್ಲ ಅನ್ನೋದೂ ಗೊತ್ತಿರತ್ತೆ. ಓನರ್ ಆಂಟಿ ಕೆಳಗಿನ ಮೆಟ್ಟಿಲಲ್ಲಿ ಕೂತು ಸೊಪ್ಪು ಬಿಡಿಸ್ತಾ ಇದ್ದವರು ಎದ್ದು ಬಂದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಅಯ್ಯೋ, ಇದು ಕರುಪಟ್ಟಿ ಅಲ್ವಾ ತಂಬಿ?" ಅಂದರು. ಅವರ ಅಜ್ಜಿಯ ಕಡೆಯವರು ತಿರುನೆಲ್ವೇಲಿಯವರು. ಅಲ್ಲಿ ತಾಳೆ ಮರದ ರಸ ಕಾಯಿಸಿ ಮಾಡುವ ಬೆಲ್ಲಕ್ಕೆ ಕರುಪಟ್ಟಿ ಅಂತಾರೆ.

"ಅದರ ಜಾತಿಯದ್ದೇ ಆಂಟಿ, ಆದರೆ ತಾಳೆ ಮರದ್ದಲ್ಲ, ಬೈನೆ ಮರದ್ದು. ನಮ್ಮದೇ ಹಾಡಿಯದ್ದು" ಅಂದೆ, ಸ್ವಲ್ಪ ಜಂಬದಿಂದಲೇ.

"ಮರ ಯಾರು ಹತ್ತುತ್ತಾರೆ?"

ಆಂಟಿ ಮರ್ಫಿ ಟೌನಿನಲ್ಲೇ ಹುಟ್ಟಿ ಬೆಳೆದವರು. ತಾಳೆ ತೋಪನ್ನು ಮದುವೆ ಮುಂಜಿಗೆ ಹೋದಾಗ ನೋಡಿದ್ದಷ್ಟೇ ಇರಬೇಕು. ಆದರೂ ಅವರಿಗೆ ಮೊದಲು ಹೊಳೆದದ್ದು ಸರಿಯಾದ ಪ್ರಶ್ನೆ. ನನಗೆ ಆ ಪ್ರಶ್ನೆ ಹೊಳೆಯುವುದಕ್ಕೆ ಇಪ್ಪತ್ತೆಂಟು ವರ್ಷ ಬೇಕಾಯ್ತು. ಈ ಪೋಸ್ಟ್ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

*

ಮೊದಲು ಹಾಡಿ ಅಂದರೆ ಏನು ಅಂತ ಹೇಳಿಬಿಡ್ತೇನೆ. ನಮ್ಮ ಊರು ಕುಂದಾಪುರದಿಂದ ಒಳಗೆ, ಘಟ್ಟದ ಬುಡದ ಕಡೆಗೆ. ಅಲ್ಲಿ ಮನೆ, ಗದ್ದೆ, ತೋಟ ಆದ ಮೇಲೆ ಹಿಂದುಗಡೆ ಒಂದು ಮರಗಳ ಗುಂಪು ಇರುತ್ತೆ. ಕಾಡು ಅನ್ನುವಷ್ಟು ದೊಡ್ಡದಲ್ಲ, ತೋಟ ಅನ್ನುವಷ್ಟು ಸಾಲಾಗಿಲ್ಲ. ಅದೇ ಹಾಡಿ. ನಮ್ಮದು ಎರಡೂ ಚಿಲ್ಲರೆ ಎಕರೆ. ಅದರಾಚೆ ಕುಮ್ಕಿ.

ಕುಮ್ಕಿ ಅನ್ನೋದು ನಮ್ಮ ಹಳೇ ದಕ್ಷಿಣ ಕನ್ನಡ ಜಿಲ್ಲೆಯ ವಿಶೇಷ. ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರೋದಕ್ಕೆ, ದನ ಮೇಯಿಸೋದಕ್ಕೆ ಆ ವರ್ಗದಾರನಿಗೆ ಇರುವ ಸವಲತ್ತು. ಜಾಗ ಸರ್ಕಾರದ್ದು, ಸೊಪ್ಪು ನಮ್ಮದು. ಕಾಡಾನೆ ಹಿಡಿಯೋಕೆ ಹೋಗುವ ಪಳಗಿದ ಆನೆಗೂ ಕುಮ್ಕಿ ಅಂತಾರಲ್ಲ, ಎರಡೂ ಒಂದೇ ಪದ. ಪಾರ್ಸಿಯಿಂದ ಬಂದದ್ದು, ಅರ್ಥ ಸಹಾಯ. ನಾವು ಬಯ್ಯೋಕೆ ಬಳಸುವ 'ಕುಮ್ಮಕ್ಕು' ಕೂಡ ಅದರ ನೆಂಟನೇ. ಗದ್ದೆಗೆ ಸಹಾಯವಾಗಿ ಇರುವ ಕಾಡು ಅಂತ ಲೆಕ್ಕ.

ನಮ್ಮ ಹಾಡಿಯಲ್ಲಿ ಮತ್ತಿ ಇದೆ, ಹೆಬ್ಬಲಸು ಇದೆ, ನೇರಳೆ, ಮಾವು, ಧೂಪ, ಒಂದಷ್ಟು ಹೆಸರು ಗೊತ್ತಿಲ್ಲದವು. ಮತ್ತೆ ಬೈನೆ.

ಬೈನೆ ಮರ ನೋಡದವರಿಗೆ: ತೆಂಗು, ಅಡಿಕೆಯ ಕುಟುಂಬದ್ದೇ. ಆದರೆ ಎಲೆಗಳು ಹರಿದ ಮೀನಿನ ಬಾಲದ ಹಾಗೆ. ಘಟ್ಟದ ಕಡೆ ಬಗನಿ ಅಂತಾರೆ. ಹಣ್ಣು ಮುಟ್ಟಿದರೆ ತುರಿಕೆ. 1753ರಲ್ಲಿ ಲಿನೇಯಸ್ ಇಟ್ಟ ಹೆಸರಿನಲ್ಲೂ (ಕ್ಯಾರಿಯೋಟಾ ಯೂರೆನ್ಸ್) ಆ ಉರಿ ಇದೆ. ನಮಗೆ ಉರಿ ಬರಿಸುವ ಹಣ್ಣನ್ನು ಕಬ್ಬೆಕ್ಕು ಖುಷಿಯಾಗಿ ತಿಂದು ಬೀಜವನ್ನು ಹಾಡಿ ತುಂಬ ಹಂಚುತ್ತೆ. ಬೈನೆಯನ್ನು ಯಾರೂ ನೆಡೋದಿಲ್ಲ. ಹುಟ್ಟಿದ್ದನ್ನು ಬಿಡಬೇಕು ಅಷ್ಟೇ.

ಈ ಮರದ ವಿಚಿತ್ರ ಏನು ಅಂದರೆ, ಹತ್ತು ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸುಮ್ಮನೆ ಬೆಳೆಯುತ್ತೆ. ಹೂವಿಲ್ಲ, ಕಾಯಿಲ್ಲ. ಬೆಳೆಯುವಾಗ ಕಾಂಡದೊಳಗೆ ಹಿಟ್ಟು ಕೂಡಿಡುತ್ತೆ (ಬರಗಾಲದಲ್ಲಿ ಅದನ್ನೇ ಕುಟ್ಟಿ ತಿಂದವರು ಇದ್ದಾರೆ). ಒಂದು ದಿನ ತುದಿಯಲ್ಲಿ ಮೊದಲ ಹೂಗೊನೆ ಬರುತ್ತೆ, ಜಡೆ ಬಿಚ್ಚಿದ ಹಾಗೆ. ಆಮೇಲೆ ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಹೀಗೆ ಮೇಲಿನಿಂದ ಕೆಳಗೆ ಕೆಲವು ವರ್ಷ ಇಳಿಯುತ್ತಾ ಬಂದು, ಕೂಡಿಟ್ಟದ್ದೆಲ್ಲ ಮುಗಿದ ಮೇಲೆ ಮರ ಸಾಯುತ್ತೆ. ಆ ಕೆಲವು ವರ್ಷಗಳಲ್ಲಿ ಮಾತ್ರ ರಸ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನ ನೆನಪು. ಬೆಳಿಗ್ಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಪೂಜಾರ್ರು ಬಿದಿರಿನ ಒಂಟಿ ಏಣಿಯಲ್ಲಿ ಇಳಿದು ಬರ್ತಾ ಇದ್ದರು, ಸೊಂಟದಲ್ಲಿ ಮಡಕೆ. ಮಡಕೆಯ ಒಳಗೆ ಸುಣ್ಣ ಬಳಿದಿರುತ್ತಿದ್ದರು. ಸುಣ್ಣ ಇದ್ದರೆ ಸಿಹಿ, ಇಲ್ಲದಿದ್ದರೆ ಹೊತ್ತೇರುವಷ್ಟರಲ್ಲಿ ಹುಳಿ ಬಂದು ಕಳ್ಳು. ಅಜ್ಜಿ ಬಚ್ಚಲಿನ ಪಕ್ಕದ ದೊಡ್ಡ ಒಲೆಯಲ್ಲಿ ಬಾಣಲೆ ಇಟ್ಟು ಕಾಯಿಸ್ತಾ ಇದ್ದರು. ನೊರೆ ಬರುತ್ತೆ, ಇಳಿಯುತ್ತೆ, ಬಣ್ಣ ಕಪ್ಪಾಗುತ್ತೆ. ನೀರಿಗೆ ಒಂದು ಹನಿ ಬಿಟ್ಟು ಉಂಡೆ ಆಗುತ್ತಾ ಅಂತ ನೋಡುವ ಕೆಲಸ ನನ್ನದು. ಆ ಉಂಡೆ ತಿನ್ನುವ ಕೆಲಸವೂ ನನ್ನದೇ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಸಲ ಟೆಸ್ಟಿಂಗ್ ಆಗ್ತಿತ್ತು. ನಾನು ಕ್ಯೂಎ ಟೀಮಿಗೆ ಸೇರಬೇಕಿತ್ತು.

ಹಾಡಿಯ ಬಗ್ಗೆ ಈ ಬ್ಲಾಗಿನಲ್ಲೇ ಹಿಂದೆ ಎರಡು ಸಲ ಬರೆದಿದ್ದೇನೆ. ನೀವೆಲ್ಲ 'ನಮ್ಮೂರ ನೆನಪಾಯ್ತು' ಅಂತ ಪ್ರೀತಿಯಿಂದ ಹೇಳಿದ್ದಿರಿ. ನಾನೂ ಉಬ್ಬಿದ್ದೆ.

*

ಜನವರಿಯ ಒಂದು ಭಾನುವಾರ ಅಪ್ಪಯ್ಯನ ಫೋನ್. ಹವಾಮಾನ, ಅಡಿಕೆ ರೇಟು, ಅಮ್ಮನ ಮೊಣಕಾಲು ಎಲ್ಲ ಆದ ಮೇಲೆ, ಮಾತಿನ ಕೊನೆಗೆ, "ಹಾಡಿ ಕೊಡುವ ಅಂದೇಳಿ ಇದ್ದೆ" ಅಂದರು.

ಮರದ ವ್ಯಾಪಾರಿ ಒಬ್ಬರು ಬಂದು ನೋಡಿ ಹೋಗಿದ್ದರಂತೆ. ನಮ್ಮ ವರ್ಗ ಜಾಗದ ಅಷ್ಟೂ ಮರಕ್ಕೆ ಆರೂವರೆ ಲಕ್ಷ. ಪರ್ಮಿಟಿನ ಓಡಾಟ ಎಲ್ಲ ಅವರದ್ದೇ. ಆಮೇಲೆ ಖಾಲಿಯಾದ ಜಾಗಕ್ಕೆ ರಬ್ಬರ್ ಹಾಕಬಹುದು.

ನಾನು ಕೂಗಾಡಿದೆ. ಸುಳ್ಳು ಹೇಳೋದಿಲ್ಲ. ಅಜ್ಜನ ಹೆಸರು ತಂದೆ, ಪಶ್ಚಿಮ ಘಟ್ಟ ತಂದೆ, ಅಂತರ್ಜಲ ತಂದೆ. ದುಡ್ಡು ಬೇಕಾದರೆ ನಾನು ಕಳಿಸ್ತೇನೆ ಅಂದೆ. ಅಪ್ಪಯ್ಯ ಪೂರ್ತಿ ಕೇಳಿ, ದನಿ ಏರಿಸದೆ ಕೇಳಿದ್ದು ಒಂದೇ:

"ನೀ ಹಾಡಿ ಒಳಗ್ ಹೋಗಿ ಎಷ್ಟ್ ವರ್ಷ ಆಯ್ತ್ ಮಾಣಿ? ಫೋಟೋ ತೆಗುಕಲ್ಲ. ಕೆಲ್ಸಕ್ಕೆ."

ಲೆಕ್ಕ ಹಾಕಿದೆ. ಪಿಯುಸಿ ಮುಗಿದ ಮೇಲೆ ಹೋಗಿಲ್ಲ. ಹತ್ತು ವರ್ಷ.

ಅಷ್ಟರಲ್ಲಿ ಅಮ್ಮ ಫೋನ್ ತಗೊಂಡು ಇನ್ನೊಂದು ವಿಷಯ ಹೇಳಿದರು. ಸೊಸೈಟಿಯಲ್ಲಿ ಮೂರು ಲಕ್ಷದ ಸಾಲ ಇದೆ, ಪ್ರತಿ ವರ್ಷ ಬಡ್ಡಿ ಕಟ್ಟಿ ರಿನ್ಯೂ ಮಾಡಿಸ್ತಾ ಬಂದಿದ್ದಾರೆ. ಯಾವ ಸಾಲ ಅಂದರೆ, ನನ್ನ ಇಂಜಿನಿಯರಿಂಗ್ ಫೀಸಿಗೆ ತೆಗೆದದ್ದು. ನನಗೆ ಕೆಲಸ ಸಿಕ್ಕ ವರ್ಷವೇ ಅದು ತೀರಿತು ಅಂತ ನಾನು ನಂಬಿಕೊಂಡಿದ್ದೆ. ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬರೀ ಸಾಲದ ವಿಷಯ ಆಗಿದ್ದರೆ ಸುಲಭ. ಇಎಂಐ ಕಟ್ಟುವುದು ನಮ್ಮ ಜಾತಿಗೆ ಹೊಸದಲ್ಲ (ಸಾಫ್ಟ್‌ವೇರ್ ಜಾತಿ!). ಮರುದಿನ ಫೋನ್ ಮಾಡಿ ಸಾಲ ನನ್ನದು, ನಾನೇ ತೀರಿಸ್ತೇನೆ, ಹಾಡಿ ಬೇಡ ಅಂದೆ. ಅಪ್ಪಯ್ಯ ಆಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ನಾ ಸತ್ ಮೇಲೆ ನೀ ಹೇಗೂ ಮಾರ್ತೆ. ನಾನೇ ಮಾರಿದ್ರೆ ಒಳ್ಳೆ ರೇಟಾರೂ ಸಿಕ್ಕತ್ತ್."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಅದೇ ಕಷ್ಟ ಆದದ್ದು. ಕೊನೆಗೆ ಮಳೆಗಾಲದವರೆಗೆ ತಡೀರಿ ಅಂತ ಮಾತ್ರ ಒಪ್ಪಿಸಿದೆ.

*

ಮಾರ್ಚಿನಲ್ಲಿ ಆಫೀಸಿನಿಂದ ಮೂರು ವಾರಕ್ಕೆ ಬಾಸ್ಟನ್‌ಗೆ ಕಳಿಸಿದರು. ಅಲ್ಲಿನ ಟೀಮಿನಲ್ಲಿ ಒಬ್ಬಾತ ನನ್ನದೇ ವಯಸ್ಸಿನವ. ಅವನ ಮಾವ ವರ್ಮಾಂಟಿನಲ್ಲಿ ಮೇಪಲ್ ಸಿರಪ್ ಮಾಡ್ತಾರೆ, ಈಗ ಅದರದ್ದೇ ಸೀಸನ್, ಬರ್ತೀಯಾ ಅಂದ. ಶನಿವಾರ ಮೂರು ಗಂಟೆ ಕಾರಿನಲ್ಲಿ ಹೋದೆವು.

ಹಿಮದ ನಡುವೆ ಬೋಳು ಮರಗಳು, ಮರದಿಂದ ಮರಕ್ಕೆ ನೀಲಿ ಪ್ಲಾಸ್ಟಿಕ್ ಪೈಪು. ಮೇಪಲ್ ಮರಗಳ ಇಂಥ ಹಾಡಿಗೆ ಅವರು ಶುಗರ್‌ಬುಷ್ ಅಂತಾರೆ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ ಇರುವ ಕೆಲವೇ ವಾರ ರಸ ಹರಿಯುತ್ತೆ. ಕಾಂಡದಲ್ಲಿ ಎರಡಿಂಚು ಆಳದ ಸಣ್ಣ ತೂತು, ಅಷ್ಟೇ. ಕುಡಿದು ನೋಡಿದೆ. ನೀರು! ಸಕ್ಕರೆ ನೂರಕ್ಕೆ ಎರಡರಷ್ಟು. 40 ಲೀಟರ್ ಕಾಯಿಸಿದರೆ 1 ಲೀಟರ್ ಸಿರಪ್. ನಮ್ಮ ಬೈನೆ ರಸ ಇದರ ಐದಾರು ಪಟ್ಟು ಸಿಹಿ. ಜಂಬದಿಂದ ಹೇಳಿಯೂ ಹೇಳಿದೆ. ಅವರು ನಕ್ಕು, "ನಿಮ್ಮ ಮರ ಎಷ್ಟು ವರ್ಷ ರಸ ಕೊಡುತ್ತೆ?" ಅಂದರು. ನಾಲ್ಕೈದು ವರ್ಷ ಕೊಟ್ಟು ಸಾಯುತ್ತೆ ಅಂದೆ. ಅವರ ಮರಗಳು ಕೊಡಲು ಶುರು ಮಾಡೋಕೇ ನಲವತ್ತು ವರ್ಷ ಬೇಕು. ಆಮೇಲೆ ನೂರು ವರ್ಷ ಕೊಡಬಲ್ಲವು. ಸಮ ಆಯ್ತು.

ಆದರೆ ನಾನು ಹೇಳಬೇಕಾದದ್ದು ಬೇರೆ. ರಸ ಕಾಯಿಸುವ ಮನೆಯಿಂದ ಹಿಂದೆ ನಡೆದು ಹೋಗುವಾಗ ಕೆಲವು ಮರಗಳ ಮೇಲೆ ಪೇಂಟಿನ ಗುರುತು ಕಂಡೆ. ಇವು ಯಾವುವು ಅಂದರೆ, ಕಡಿಯುವ ಮರಗಳು ಅಂದರು. ನನ್ನ ಮುಖ ನೋಡಿ ಅವರಿಗೆ ಅರ್ಥ ಆಗಿರಬೇಕು. ಒಂದು ದೊಡ್ಡ ಮೇಪಲ್ ಕೆಳಗೆ ನಿಲ್ಲಿಸಿ ತಲೆ ಎತ್ತಿ ನೋಡು ಅಂದರು. ಒಳ್ಳೆಯ ಮರದ ನೆತ್ತಿಗೆ ಪಕ್ಕದ ಮರದ ನೆತ್ತಿ ಒತ್ತುತ್ತಾ ಇತ್ತು. ನೆತ್ತಿ ಅಗಲ ಆದಷ್ಟು ಬಿಸಿಲು, ಬಿಸಿಲಿದ್ದಷ್ಟು ಸಿಹಿ. ಆದರೆ ಒಮ್ಮೆಗೇ ಎಲ್ಲ ತೆಗೆದರೆ ಉಳಿದವು ಗಾಳಿಗೆ ಬೀಳುತ್ತವೆ. ಹಾಗಾಗಿ ಪ್ರತಿ ಚಳಿಗಾಲ ನಾಲ್ಕೈದು. ಆ ಕಡಿದ ಸೌದೆಯೇ ಸಿರಪ್ ಕಾಯಿಸೋಕೆ. ಅಲ್ಲಿ 1978ರಲ್ಲೇ ಒಂದು ಕಾನೂನು ಬಂದಿದೆಯಂತೆ: ಕನಿಷ್ಠ 25 ಎಕರೆ ಕಾಡಿದ್ದವರು ಅರಣ್ಯ ತಜ್ಞರಿಂದ ನಿರ್ವಹಣಾ ಯೋಜನೆ ಬರೆಸಿ ಅದರಂತೆ ನಡೆದುಕೊಂಡರೆ ತೆರಿಗೆ ಕಮ್ಮಿ. ಕಾಡನ್ನು ಸುಮ್ಮನೆ ಬಿಟ್ಟದ್ದಕ್ಕಲ್ಲ, ನೋಡಿಕೊಂಡದ್ದಕ್ಕೆ.

ನಮ್ಮಲ್ಲಿ? ಊರಿಗೆ ಬಂದ ಮೇಲೆ ಓದಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯೋಕೂ ಅನುಮತಿ ಬೇಕು. ಸರಿಯೇ. ಆದರೆ ರಬ್ಬರ್, ನೀಲಗಿರಿ, ಸಿಲ್ವರ್ ಓಕ್, ಗಾಳಿ ಮರ ಇಂಥವಕ್ಕೆ ಬೇಡ. ಹೆಬ್ಬಲಸು ಬೆಳೆಸಿದವನಿಗೆ ಅರ್ಜಿ, ರಬ್ಬರ್ ಬೆಳೆಸಿದವನಿಗೆ ಆರಾಮ. ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಹಾಡಿ ಇಟ್ಟುಕೊಂಡ ಮುದುಕ ರೈತನಿಗೆ ಅದು ಹೇಗೆ ಕೇಳಿಸುತ್ತೆ ಅಂತ ನನಗೆ ಮೊದಲ ಸಲ ಅರ್ಥ ಆಯ್ತು.

*

ಏಪ್ರಿಲ್ ಎರಡನೇ ವಾರ ರಜೆ ಹಾಕಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆ. ಬ್ಯಾಗಿನಲ್ಲಿ ಟೈಲರ್ ಟೇಪು, ಸುಣ್ಣದ ಬಣ್ಣ, ಬ್ರಷ್ಷು. ಹಾಡಿಯ ಎಲ್ಲ ಮರಕ್ಕೂ ನಂಬರ್ ಹಾಕಿ, ಎದೆಮಟ್ಟದಲ್ಲಿ ಸುತ್ತಳತೆ ತೆಗೆದು, ಎಕ್ಸೆಲ್ ಶೀಟ್ ಮಾಡುವ ಪ್ಲಾನು. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ನಮ್ಮ ಎಲ್ಲ ಎಸ್ಟಿಮೇಟಿನ ಹಾಗೆ ಅದೂ ಆರು ದಿನ ಆಯ್ತು.

ಯಾಕೆಂದರೆ ಒಳಗೆ ಹೋಗೋಕೇ ಆಗಲಿಲ್ಲ. ನನ್ನ ನೆನಪಿನ ಹಾಡಿಯಲ್ಲಿ ಮರದ ಕೆಳಗೆ ಗುಡಿಸಿದ ಹಾಗೆ ಇರುತ್ತಿತ್ತು. ಈಗ ಆಳೆತ್ತರ ಕಮ್ಯುನಿಸ್ಟ್ ಗಿಡ (ನಮ್ಮ ಕಡೆ ಆ ಕಳೆಗೆ ಹಾಗೇ ಹೆಸರು, ಯಾರೂ ಬೇಜಾರು ಮಾಡ್ಕೋಬೇಡಿ), ಮರದ ನೆತ್ತಿಯವರೆಗೆ ಬಳ್ಳಿ. ಅದನ್ನು ಕತ್ತಿಯಿಂದ ಸವರುತ್ತಾ ಹೋಗುವಾಗ ಒಂದೊಂದೇ ಹೊಳೀತಾ ಹೋಯ್ತು. ಆಗ ಕೆಳಗೆ ಗುಡಿಸಿದ ಹಾಗೆ ಇದ್ದದ್ದು, ಅಮ್ಮ ಮತ್ತು ಕೆಲಸದವರು ನಿಜವಾಗಿಯೂ ಗುಡಿಸುತ್ತಿದ್ದುದರಿಂದ. ತರಗೆಲೆ ಹಟ್ಟಿಗೆ, ಹಟ್ಟಿಯಿಂದ ಗೊಬ್ಬರ ಗುಂಡಿಗೆ, ಅಲ್ಲಿಂದ ಗದ್ದೆಗೆ. ಕೊನೆಯ ದನ ಮಾರಿದ್ದು ನಾನು ಕಾಲೇಜಿನಲ್ಲಿದ್ದಾಗ. ತರಗೆಲೆ ಬೇಡ ಆಯ್ತು. ಗ್ಯಾಸ್ ಬಂತು, ಸೋಲಾರ್ ಬಂತು. ಸೌದೆ ಬೇಡ ಆಯ್ತು. ಅಜ್ಜಿ ಹೋದರು, ಬೆಲ್ಲ ಕಾಯಿಸೋದು ನಿಂತಿತು. ಪೂಜಾರ್ರ ಮೊಣಕಾಲು ಹೋಯ್ತು, ಮಗ ಬೆಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕೆ ಸೇರಿದ, ಮರ ಹತ್ತೋದೂ ನಿಂತಿತು.

ಹಾಡಿಗೆ ಯಾರೂ ಕೊಡಲಿ ಹಾಕಿರಲಿಲ್ಲ. ಹೋಗುವ ಕಾರಣಗಳು ಒಂದೊಂದಾಗಿ ಕಡಿದುಹೋಗಿದ್ದವು. ವ್ಯಾಪಾರಿ ಕೊನೆಗೆ ಬಂದವರು ಅಷ್ಟೇ.

ನಾನು ಬೆಂಗಳೂರಿನಲ್ಲಿ ಕೂತು ಹಾಡಿಯನ್ನು ನೆನಪಿಸಿಕೊಂಡು ಬರೆದದ್ದೂ ಹಾಡಿಗೆ ಹೋದ ಹಾಗಲ್ಲ. ಇದನ್ನು ನಿಮ್ಮ ಎದುರೇ ಒಪ್ಪಿಕೊಳ್ಳಬೇಕು ಅನಿಸಿತು.

*

ನಾಲ್ಕನೇ ದಿನ ಪೂಜಾರ್ರು ಕೋಲು ಊರಿಕೊಂಡು ಬಂದರು. ಎಪ್ಪತ್ತು ದಾಟಿದೆ. ಮರ ಹತ್ತೋಕೆ ಆಗಲ್ಲ, ಆದರೆ ಬಾಯಿ ಮತ್ತು ಕಣ್ಣು ಹಾಗೇ ಇವೆ. ನನ್ನ ಶೀಟಿನಲ್ಲಿ ಬೈನೆ ಒಟ್ಟು ಹತ್ತೊಂಬತ್ತು. ಅದರಲ್ಲಿ ಕಾಂಡ ಎದ್ದವು ಏಳು. ಒಂದು ಸತ್ತು ನಿಂತಿದೆ. ಇನ್ನೊಂದು, ನಂಬರ್ 43, ತಲೆಯ ಎಲೆ ಒಣಗಿ ಜೋತಿದೆ, ಹಳೆಯ ಗೊನೆಗಳ ಕಡ್ಡಿ ಮಾತ್ರ ಉಳಿದಿದೆ. ಅದರ ಮುಂದೆ 'ತೆಗೆಯುವುದು' ಅಂತ ಬರೆದಿದ್ದೆ.

ಅವರು 43ರ ಬುಡದಲ್ಲಿ ನಿಂತು ಮೇಲೆ ನೋಡಿದರು. ತುಂಬಾ ಹೊತ್ತು ನೋಡಿದರು.

"ಇದನ್ ಎಂತಕೆ ಕಡೀತೆ ಮಾಣಿ? ಇನ್ನೂ ಒಂದ್ ಗೊನೆ ಇತ್ತ್ ಇದ್ರಲ್ಲಿ."

ಇಲ್ಲಿ ಒಂದು ವ್ಯಾಕರಣ ಪಾಠ. ಉಳಿದ ಕನ್ನಡದವರಿಗೆ 'ಇತ್ತು' ಅಂದರೆ ಮುಗಿದು ಹೋದದ್ದು. ನಮ್ಮ ಕುಂದಾಪ್ರ ಕನ್ನಡದಲ್ಲಿ 'ಇತ್ತ್' ಅಂದರೆ 'ಇದೆ' ಅಂತ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ "ನೀರ್ ಇತ್ತ್" ಅಂದು ಬಕೆಟ್ ಹಿಡಿದು ಓಡಿದರೆ, ಶಿವಮೊಗ್ಗದ ರೂಮ್‌ಮೇಟ್ "ಅಯ್ಯೋ, ಖಾಲಿ ಆಯ್ತಾ?" ಅಂತ ಮತ್ತೆ ಮಲಗುತ್ತಿದ್ದ. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ನನ್ನ ಕಿವಿಯೂ ಬದಲಾಗಿರಬೇಕು. ಪೂಜಾರ್ರು ಹೇಳಿದ್ದು ಒಂದು ಕ್ಷಣ ನನಗೆ ಭೂತಕಾಲದಲ್ಲೇ ಕೇಳಿಸಿತು. ಆಮೇಲೆ ಅವರ ಕೋಲು ತೋರಿಸಿದ ಕಡೆ ನೋಡಿದೆ. ಕಾಂಡದ ಮಧ್ಯಕ್ಕಿಂತ ಸ್ವಲ್ಪ ಮೇಲೆ, ಹಳೆಯ ಎಲೆಯ ಬುಡದಲ್ಲಿ, ಮುಷ್ಟಿ ಗಾತ್ರದ ಒಂದು ಹಸಿರು ಮೊಗ್ಗು. ಹಾಳೆಯೊಳಗೆ ಸುತ್ತಿಕೊಂಡು ಕೂತಿತ್ತು.

ಪೂಜಾರ್ರ ಅಕ್ಕನ ಮಗ ಗೇರುಬೀಜದ ಫ್ಯಾಕ್ಟರಿಗೆ ಹೋಗ್ತಾನೆ, ಭಾನುವಾರ ತೆಂಗಿನಕಾಯಿ ಕೀಳ್ತಾನೆ. ಅವನನ್ನು ಕರೆಸಿದರು. ನಮ್ಮ ಉಡುಪಿ ಜಿಲ್ಲೆಯಲ್ಲಿ ಪರವಾನಗಿ ಇದ್ದರೆ ಮರದಿಂದ ಇಳಿಸಬಹುದು. ಮೂರ್ತೆದಾರರ ಸಂಘದ ಮೂಲಕ ಅದರ ವ್ಯವಸ್ಥೆ ಪೂಜಾರ್ರೇ ಮಾಡಿಸಿದರು. ಗೊನೆ ಸ್ವಲ್ಪ ಉದ್ದ ಆದ ಮೇಲೆ ಕೆಲಸ ಶುರು. ಅದನ್ನು ಬಳ್ಳಿಯಿಂದ ಬಿಗಿದು ಕಟ್ಟಬೇಕು, ದಿನಾ ಹಗುರವಾಗಿ ಕೋಲಿನಿಂದ ತಟ್ಟಬೇಕು, ಆಮೇಲೆ ತುದಿಯನ್ನು ಬೆಳಿಗ್ಗೆ ಸಂಜೆ ತೆಳ್ಳಗೆ ಕೆತ್ತಬೇಕು. ಒಂದು ಹೊತ್ತು ತಪ್ಪಿದರೆ ಗಾಯ ಒಣಗಿ ರಸ ನಿಲ್ಲುತ್ತೆ. ಕೆಳಗೆ ನಿಂತು ಪೂಜಾರ್ರು ಬಯ್ಯುತ್ತಾ ಹೇಳಿಕೊಡುವುದು, ಅವನು ಮೇಲಿನಿಂದ ತಿರುಗಿ ಬಯ್ಯುವುದು. ಪೂರ್ತಿ ಪೇರ್ ಪ್ರೋಗ್ರಾಮಿಂಗ್.

ಮೇ ತಿಂಗಳಲ್ಲಿ ಮತ್ತೆ ಹೋದಾಗ ರಸ ಬರ್ತಾ ಇತ್ತು. ಅಮ್ಮ ಅಟ್ಟದಿಂದ ಅಜ್ಜಿಯ ಬಾಣಲೆ ಇಳಿಸಿದರು. ಎಂಟು ಲೀಟರಿಗೆ ಒಂದು ಕೆ.ಜಿ.ಗೆ ಸ್ವಲ್ಪ ಕಮ್ಮಿ ಬೆಲ್ಲ. ಮೊದಲ ದಿನ ಉರಿ ಜಾಸ್ತಿಯಾಗಿ ಹತ್ತಿ ಕಹಿ ಆಯ್ತು. ಎರಡನೇ ದಿನ ಪಾಕ ಬರಲೇ ಇಲ್ಲ, ರವೆ ಆಗದೆ ಜೋನಿಯಾಗಿಯೇ ಉಳಿಯಿತು. ಮೂರನೇ ದಿನ ಸರಿಯಾಯ್ತು. ನೀರಿಗೆ ಹನಿ ಬಿಟ್ಟು ನೋಡಿದ್ದು ನಾನೇ. ತಿಂದಿದ್ದು ಅಪ್ಪಯ್ಯ. ಏನೂ ಹೇಳಲಿಲ್ಲ. ಇನ್ನೊಂದು ಉಂಡೆಗೆ ಕೈ ಚಾಚಿದರು.

*

ಲೆಕ್ಕ ಹೇಳಿ ಮುಗಿಸ್ತೇನೆ. ಪೂಜಾರ್ರು, ಅಪ್ಪಯ್ಯ, ನಾನು ಮೂವರೂ ಸುತ್ತಿ ಒಂಬತ್ತು ಮರಕ್ಕೆ ಗುರುತು ಹಾಕಿದೆವು. ಒಂದರ ನೆತ್ತಿಗೆ ಒಂದು ಒತ್ತುವಂಥವು, ಎಳೆಯ ಬೈನೆಗೆ ಬಿಸಿಲು ತಡೆಯುವಂಥವು. ಅವಕ್ಕೆ ಅರ್ಜಿ ಹಾಕಿದ್ದೇವೆ. ಬೇರೆ ವ್ಯಾಪಾರಿಯೊಬ್ಬರು ಒಂದು ಲಕ್ಷ ನಲವತ್ತು ಸಾವಿರ ಹೇಳಿದ್ದಾರೆ. ಆರೂವರೆ ಲಕ್ಷದ ಮುಂದೆ ಅದು ಏನೂ ಅಲ್ಲ. ಸೊಸೈಟಿ ಸಾಲ ನನ್ನ ಸಂಬಳದಿಂದ ಹೋಗ್ತಾ ಇದೆ. ಅದು ಉಪಕಾರ ಅಲ್ಲ, ನನ್ನದೇ ಫೀಸು.

ಎಲ್ಲ ಸರಿಹೋಯ್ತು ಅಂತ ಬರೆಯೋಕೆ ಆಸೆ ಇದೆ. ಹಾಗೇನಿಲ್ಲ. 43 ಇನ್ನು ಮುಗಿದ ಹಾಗೇ. ಪೂಜಾರ್ರ ಪ್ರಕಾರ ಮುಂದಿನ ದೊಡ್ಡ ಬೈನೆ ಹೂ ಬಿಡೋಕೆ ಇನ್ನೂ ಐದಾರು ವರ್ಷ. ಆಗ ಅವರಿರುತ್ತಾರಾ, ಅಕ್ಕನ ಮಗ ಊರಲ್ಲೇ ಇರುತ್ತಾನಾ, ದಿನಕ್ಕೆ ಎರಡು ಸಲ ಮರ ಹತ್ತೋಕೆ ಅವನಿಗೆ ಕಟ್ಟುಬೀಳುತ್ತಾ? ನನಗೆ ಮೂವತ್ತನಾಲ್ಕಾಗಿರುತ್ತೆ. ನಾನಂತೂ ಹತ್ತಲಾರೆ, ಮೊದಲನೇ ಗಿಣ್ಣಿಗೇ ಕಾಲು ನಡುಗಿತು. ಅಪ್ಪಯ್ಯ ನನಗೆ ಎರಡು ವರ್ಷ ಟೈಮ್ ಕೊಟ್ಟಿದ್ದಾರೆ. ತಿಂಗಳಿಗೊಮ್ಮೆ ಬಂದು ಬಳ್ಳಿ ಸವರಬೇಕು, ಇಲ್ಲದಿದ್ದರೆ ಕೊಡುವುದೇ. ಮೊದಲಿನ ವ್ಯಾಪಾರಿಯ ನಂಬರ್ ಕ್ಯಾಲೆಂಡರಿನ ಹಿಂದೆ ಹಾಗೇ ಇದೆ, ನೋಡಿದ್ದೇನೆ. ಇಲ್ಲಿಯವರೆಗೆ ಒಂದು ತಿಂಗಳೂ ತಪ್ಪಿಸಿಲ್ಲ. ಕಳೆದ ಸಲ ಜಿಗಣೆ ಕಚ್ಚಿದ ಗುರುತು ಇನ್ನೂ ತುರಿಸ್ತಾ ಇದೆ.

ಆಂಟಿಗೆ ಒಂದು ಅಚ್ಚು ಕೊಟ್ಟೆ. ಉಳಿದ ನಾಲ್ಕನ್ನು ಇರುವೆ ಬಾರದ ಹಾಗೆ ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿದ್ದೇನೆ. ಮುಂದಿನ ಭೇಟಿಯಲ್ಲಿ ಯಾರಾದರೂ ಈ ಕಡೆ ಬಂದರೆ ಬನ್ನಿ, ಹಾಲಸೂರು ಮೆಟ್ರೋದಿಂದ ನಡೆದೇ ಬರಬಹುದು. ಖಾಲಿ ಆಗುವ ಮೊದಲು ಬಂದರೆ ಬೆಲ್ಲದ ಕಾಫಿ.

ಮತ್ತೆ, ಯಾರಾದರೂ ನಿಮ್ಮ ಹಾಡಿ ಏನಾಯ್ತು ಅಂತ ಕೇಳಿದರೆ, ನಮ್ಮ ಊರಿನ ಕನ್ನಡದಲ್ಲೇ ಹೇಳ್ತೇನೆ. ನೀವೂ ಹಾಗೇ ಓದಿಕೊಳ್ಳಿ.

ಇತ್ತ್.